ಒಮ್ಮೆ ನಡೆದು ತೋರಿಸಿ

"ಕಾಲು ತೋರಿಸಿ."

ಹೆಸರು ಕೇಳಲಿಲ್ಲ. ಹೇಗಿದ್ದೀರಿ ಅನ್ನಲಿಲ್ಲ. ಪಾಳಯಂಕೋಟೆಯ ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿಗೆ ನುಗ್ಗಿ ಬಂದ ಆ ಕರಿ ಕೋಟಿನ ಗಂಡಸು ಇಸಕ್ಕಿಯ ಮಂಚದ ಪಕ್ಕ ನಿಂತು, ಮೊಬೈಲ್ ಎತ್ತಿ ಹಿಡಿದು ಆಡಿದ ಮೊದಲ ಮಾತೇ ಇದು!

ಇಸಕ್ಕಿ ಹೊದಿಕೆಯನ್ನು ಸೊಂಟದವರೆಗೆ ಎಳೆದುಕೊಂಡಳು.

"ಯಾರ್ರೀ ನೀವು?"

"ವಕೀಲ. ಉಚಿತ ಕಾನೂನು ನೆರವಿನವರು ಕಳಿಸಿದ್ದಾರೆ. ಅರ್ಜಿ ಜೊತೆ ಗಾಯದ ಫೋಟೋ ಇರ್ಬೇಕು. ಒಣಗೋ ಮೊದಲೇ ತೆಗೀಬೇಕು, ಒಣಗಿದ ಮೇಲೆ ನೋಡೋರಿಗೆ ಕರುಣೆ ಬರಲ್ಲ."

"ಅಂದ್ರೆ ನನ್ನ ಗಾಯ ಒಣಗೋದು ನಿಮಗೆ ಬೇಡ!"

ಅವನು ತಬ್ಬಿಬ್ಬಾದ. "ಹಾಗಲ್ಲಮ್ಮಾ…"

"ನಾನು ಸೀರೆ ಅಂಗಡಿಯೋಳು ಸಾರ್. ಗಿರಾಕಿ ಬಂದ್ರೆ ಮೊದಲು ಬನ್ನಿ ಅಂತೀವಿ, ಕೂತ್ಕೊಳ್ಳಿ ಅಂತೀವಿ, ಆಮೇಲೆ ಮಡಿಕೆ ಬಿಚ್ತೀವಿ. ನೀವು ಹೊರಗೆ ಹೋಗಿ ಇನ್ನೊಂದು ಸಲ ಬನ್ನಿ. ಬಂದು ಮೊದಲು ಹೆಸರು ಕೇಳಿ."

ಅಕ್ಕಪಕ್ಕದ ಮಂಚದ ಹೆಂಗಸರು ನೋವು ಮರೆತು ಕಿಸಕ್ಕನೆ ನಕ್ಕರು. ಯಾರೂ ಎಣಿಸದ ಸಂಗತಿ ಎಂದರೆ, ಅವನು ನಿಜವಾಗಿಯೂ ಹೊರಗೆ ಹೋದ! ಬಾಗಿಲ ಬಳಿ ಒಂದು ಕ್ಷಣ ನಿಂತು, ಕೋಟಿನ ಗುಂಡಿ ಹಾಕಿಕೊಂಡು ಮತ್ತೆ ಒಳಗೆ ಬಂದ.

"ನಮಸ್ಕಾರ. ನನ್ನ ಹೆಸರು ನಂಬಿರಾಜನ್. ನಂಬಿ ಅಂತ ಕರೀತಾರೆ. ನಿಮ್ಮ ಹೆಸರು?"

"ಇಸಕ್ಕಿಯಮ್ಮಾಳ್. ವಕೀಲರಿಗೆ ನಂಬಿ ಅಂತ ಹೆಸರು… ನಿಮ್ಮಪ್ಪ ಒಳ್ಳೆ ತಮಾಷೆಗಾರ ಇರ್ಬೇಕು."

ಹೇಳಿ, ಅವಳೇ ಹೊದಿಕೆ ಸರಿಸಿದಳು.

ನಂಬಿರಾಜನ್ ಮೊಬೈಲ್ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೈ ನಡುಗಿ ಮೊದಲ ಚಿತ್ರ ಕೆಟ್ಟಿತು.

'ಇಂಥ ಕಾಲುಗಳನ್ನ ದಿನಾ ನೋಡೋನು, ಇವನಿಗ್ಯಾಕೆ ನಡುಕ?' ಇಸಕ್ಕಿ ಅಂದುಕೊಂಡಳು. ಆ ನಡುಕ ಅವಳ ಮನಸ್ಸಿನಲ್ಲಿ ಉಳಿದುಬಿಟ್ಟಿತು.

*

ವಣ್ಣಾರಪೇಟೆಯ ದೊಡ್ಡ ಜವಳಿ ಅಂಗಡಿಯ ರೇಷ್ಮೆ ವಿಭಾಗದಲ್ಲಿ ಇಸಕ್ಕಿಗೆ ಕೆಲಸ. ನಿಂತಿರಬೇಕು, ನಗುತ್ತಿರಬೇಕು, ಇಷ್ಟೇ ಅಲ್ಲಿನ ಕಾನೂನು. ಕಾಲು ನೋಯುತ್ತಿದೆ ಎಂದು ಗಿರಾಕಿಗೆ ಗೊತ್ತಾದರೆ ಮೇಲ್ವಿಚಾರಕನ ಬೈಗುಳ ಗ್ಯಾರಂಟಿ.

ಮದುವೆಯ ಹೆಣ್ಣು ಸೀರೆ ಆರಿಸಲು ಬಂದರೆ ಅದನ್ನು ಇಸಕ್ಕಿಯ ಹೆಗಲಿಗೆ ಹಾಕಿ, ಸೆರಗು ಇಳಿಬಿಟ್ಟು, "ಒಮ್ಮೆ ನಡೆದು ತೋರಿಸಮ್ಮಾ" ಎನ್ನುತ್ತಿದ್ದರು. ಅವಳು ಕನ್ನಡಿಗಳ ನಡುವೆ ಹೋಗಿ ಬಂದರೆ ಸಾಕು, ಸೀರೆ ಮಾರಾಟವಾದಂತೆಯೇ. ಊರಿನ ಎಷ್ಟೋ ಹೆಣ್ಣುಮಕ್ಕಳ ಮುಹೂರ್ತದ ಸೀರೆ ಮೊದಲು ಬಿದ್ದದ್ದು ಇವಳ ಹೆಗಲ ಮೇಲೆ. ಕೊನೆಗೂ ಇವಳಿಗೂ ಒಂದು ಮುಹೂರ್ತ ಗೊತ್ತಾಗಿತ್ತು. ಅಂಬಾಸಮುದ್ರದ ಉಲಗಮ್ಮಾಳ್ ತನ್ನ ಮಗನಿಗೆ ಹೆಣ್ಣು ನೋಡಲು ಬಂದವಳು ಇಸಕ್ಕಿಯನ್ನು ನಡುಮನೆಯಲ್ಲಿ ಎರಡು ಸಲ ನಡೆಸಿ ನೋಡಿ, ತಾಂಬೂಲ ಬದಲಾಯಿಸಿ ಹೋಗಿದ್ದಳು.

ಆಮೇಲೆ ಆ ಸಂಜೆ ಬಂತು.

ಕೆಲಸ ಮುಗಿಸಿ ಇಸಕ್ಕಿ ರಸ್ತೆ ದಾಟುತ್ತಿದ್ದಳು. ಎಲ್ಲೆಂದರಲ್ಲಿ ಅಲ್ಲ, ಬಿಳಿ ಪಟ್ಟೆಯ ಮೇಲೆಯೇ! ಕಾರಿನವನು ಕಿವಿಗೆ ಫೋನ್ ಒತ್ತಿಕೊಂಡು ಯಾರಿಗೋ ಬೈಯುತ್ತಿದ್ದ. ಹಾರ್ನ್ ಕೇಳಿಸಿದ್ದು ಅವಳು ಬಿದ್ದ ಮೇಲೆ. "ಇವಳೇ ಬಂದು ಬಿದ್ದಳು, ನೋಡಿದ್ರಲ್ಲಾ?" ಎಂದು ಸೇರಿದ ಜನರನ್ನೇ ಅವನು ದಬಾಯಿಸಿದ. ವಿಮಾ ಕಂಪನಿಯವರೂ ಅದನ್ನೇ ಬರೆದರು. ಅವಳು ನೋಡದೆ ಓಡಿದಳು, ತಪ್ಪು ಅವಳದೇ ಎಂದು.

ಉಲಗಮ್ಮಾಳ್ ಆಸ್ಪತ್ರೆಗೆ ಬಂದಳು. ಒಂದು ಚೀಲ ಮೋಸಂಬಿ ತಂದಿದ್ದಳು. ಕೇಳದೆಯೇ ಹೊದಿಕೆ ಎತ್ತಿ ಕಾಲು ನೋಡಿದಳು, ಮತ್ತೆ ಮುಚ್ಚಿದಳು. ಹೋಗುವಾಗ ಮೋಸಂಬಿ ಚೀಲವನ್ನೂ ಎತ್ತಿಕೊಂಡು ಹೋದಳು. ನಿಶ್ಚಿತಾರ್ಥ ಮುರಿದಿದೆ ಎಂದು ಇಸಕ್ಕಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ.

ಮೂಳೆ ಕೂಡಲಿಲ್ಲ. ಒಳಗೆ ಒಂದು ಲೋಹದ ಪಟ್ಟಿ ಹಾಕಿ ಬಿಗಿದಿದ್ದರು, ಅಷ್ಟೇ. ಸರ್ಕಾರದ ಕಾರ್ಡಿಗೆ ಸಿಗುವ ಸಹಾಯ ಅಲ್ಲಿಗೇ ಮುಗಿದಿತ್ತು. ಇನ್ನೊಂದು ಶಸ್ತ್ರಚಿಕಿತ್ಸೆ ಮಧುರೈನ ದೊಡ್ಡ ಆಸ್ಪತ್ರೆಯಲ್ಲಿ ಆಗಬೇಕು, ಅಲ್ಲಿವರೆಗೆ ಆ ಕಾಲಿನ ಮೇಲೆ ಭಾರ ಬಿಡಲೇಬಾರದು ಎಂದರು ಡಾಕ್ಟರು. ಪರಿಹಾರ ಬಂದರೆ ಕಾಲು. ಬಾರದಿದ್ದರೆ ಜೀವನವಿಡೀ ಊರುಗೋಲು.

*

ಕೇಸು ನಡೆಯಿತು. ನಂಬಿ ಆಗಾಗ ಸಿಂದುಪೂಂದುರೈಯಲ್ಲಿದ್ದ ಇಸಕ್ಕಿಯ ಓಣಿಗೆ ಬರುತ್ತಿದ್ದ. ಸಹಿ ಬೇಕು ಎಂದು ಬರುತ್ತಿದ್ದ, ಸಹಿ ಹಾಕಿಸಿಕೊಳ್ಳುವುದನ್ನೇ ಮರೆತು ಹೋಗುತ್ತಿದ್ದ. ಮರೆತದ್ದಕ್ಕೆ ಮತ್ತೆ ಬರುತ್ತಿದ್ದ!

"ಈ ವಕೀಲನಿಗೆ ಮರೆವು ಜಾಸ್ತಿ ಕಣೇ. ಕೇಸು ಗೆದ್ದ ಹಾಗೇ ಇದೆ" ಎಂದು ಇಸಕ್ಕಿಯ ತಾಯಿ ತಾಯಮ್ಮಾಳ್ ಗೊಣಗುತ್ತಿದ್ದಳು.

ಇಸಕ್ಕಿ ಮಾತ್ರ ಬೇರೆಯದನ್ನು ಗಮನಿಸುತ್ತಿದ್ದಳು. ಅವಳು ಕೂರುವ ತನಕ ಅವನು ಕೂರುತ್ತಿರಲಿಲ್ಲ. ರಸ್ತೆಯಲ್ಲಿ ಗಾಡಿ ಬರುವ ಬದಿಗೆ ಅವನೇ ನಡೆಯುತ್ತಿದ್ದ. ಕೋಲಿನ ತಳದ ರಬ್ಬರ್ ಸವೆದಿದ್ದನ್ನು ಕಂಡು ಮರುದಿನ ಹೊಸದು ತಂದು ತಾನೇ ಕೂತು ಕೂರಿಸಿದ್ದ.

ಅಂಗವೈಕಲ್ಯ ಎಷ್ಟೆಂದು ಡಾಕ್ಟರರ ಮಂಡಳಿ ಅಳೆಯುವ ದಿನ ಇಬ್ಬರೂ ಆಸ್ಪತ್ರೆಯ ಬೆಂಚಿನ ಮೇಲೆ ಬೆಳಿಗ್ಗೆಯಿಂದ ಕಾದು ಕೂತಿದ್ದರು. ಅವನು ಎರಡು ಲೋಟ ಚಹಾ ತಂದ. ತನ್ನದನ್ನು ಕುಡಿಯುತ್ತಾ ಇದ್ದಕ್ಕಿದ್ದಂತೆ ಕೇಳಿದ.

"ನಿಮಗೆ ಯಾವ ಬಣ್ಣ ಇಷ್ಟ?"

"ಕೇಸಿಗಾ ಸಾರ್?"

"ಅಲ್ಲ. ಸುಮ್ನೆ."

ಇಷ್ಟು ವರ್ಷ ಊರಿನವರನ್ನೆಲ್ಲ ಅವಳು ಕೇಳಿದ ಪ್ರಶ್ನೆ ಅದು. ಅವಳನ್ನು ಒಬ್ಬರೂ ಕೇಳಿರಲಿಲ್ಲ.

"ತಾಮ್ರದ ಬಣ್ಣ," ಅಂದಳು ಮೆಲ್ಲಗೆ. "ಸಂಜೆ ಹೊತ್ತು ನಮ್ಮ ತಾಮ್ರಪರ್ಣಿ ಹೊಳೆ ಇರುತ್ತಲ್ಲಾ… ಆ ಬಣ್ಣ. ಅಂಗಡಿಗೆ ಅಪರೂಪಕ್ಕೆ ಬರುತ್ತೆ. ಬಂದ್ರೆ ನಾನು ಅದನ್ನ ಅಡಿಯಲ್ಲಿಟ್ಟು ಬೇರೇದು ತೋರಿಸ್ತಿದ್ದೆ!"

ಅವನು ನಕ್ಕ. ಅವಳೂ ನಕ್ಕಳು. 'ಅಯ್ಯೋ ಇಸಕ್ಕೀ, ಬೇಡ ಕಣೇ…' ಎಂದು ಒಳಗೊಳಗೇ ತನ್ನನ್ನು ಗದರಿಕೊಂಡಳು. ಆದರೆ ಹೊತ್ತು ಮೀರಿತ್ತು. ಅವಳು ಅವನನ್ನು ಪ್ರೀತಿಸುತ್ತಿದ್ದಳು.

ಅಷ್ಟರಲ್ಲಿ ವಿಮಾ ಕಂಪನಿಯ ವಕೀಲ ಅಳಗಪ್ಪನ್ ಆ ದಾರಿಯಲ್ಲಿ ಹಾದುಹೋದ. ನಿಂತು, ಇಬ್ಬರ ಕೈಯ ಲೋಟಗಳನ್ನು ನೋಡಿ ಮೀಸೆಯಡಿ ನಕ್ಕ.

"ಏನಪ್ಪಾ ನಂಬಿ, ಕಾನೂನು ನೆರವಿನಲ್ಲಿ ಚಹಾನೂ ಉಚಿತವಾ?"

ನಂಬಿಯ ಮುಖ ಸಣ್ಣಗಾಯಿತು. ಲೋಟ ಕೆಳಗಿಟ್ಟು ಎದ್ದು ನಿಂತ.

ಅವತ್ತಿನಿಂದ ಅವನು ಓಣಿಗೆ ಬರುವುದು ನಿಂತಿತು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಸಾಕ್ಷಿ ಹೇಳುವ ದಿನದ ಮುಂಚೆ ಒಮ್ಮೆ ಅವನೇ ಮಾಡಿದ. ದನಿಯಲ್ಲಿ ಗುರುತೇ ಇರಲಿಲ್ಲ.

"ನಾಳೆ ಕೋಲು ತರೋದು ಮರೀಬೇಡಿ. ಹಳೇ ಸೀರೆ ಉಟ್ಕೊಂಡು ಬನ್ನಿ. ತಲೆಗೆ ಹೂ ಬೇಡ."

"ಹೂ ಯಾಕೆ ಬೇಡ ಸಾರ್? ನಂಗೇನು ಗಂಡ ಸತ್ತಿದ್ದಾನಾ?"

ಆ ಕಡೆ ಫೋನ್ ಕಟ್ಟಾಯಿತು.

*

ಕೋರ್ಟಿನಲ್ಲಿ ಉಲಗಮ್ಮಾಳನ್ನು ಕಂಡು ಇಸಕ್ಕಿ ಬಾಗಿಲಲ್ಲೇ ನಿಂತಳು. ಈ ಮುದುಕಿ ಇಲ್ಲಿಗೆ ಯಾಕೆ ಬಂದಳು?

ಕರೆಸಿದ್ದು ನಂಬಿಯೇ! ದೂರದಿಂದ ಬಂದ ವಯಸ್ಸಾದವಳು ಎಂದು ನ್ಯಾಯಾಧೀಶರು ಅವಳನ್ನೇ ಮೊದಲು ಕಟಕಟೆಗೆ ಹತ್ತಿಸಿದರು.

"ಇವರಿಗೂ ನಿಮ್ಮ ಮಗನಿಗೂ ನಿಶ್ಚಿತಾರ್ಥ ಆಗಿತ್ತಲ್ವಾ?" ನಂಬಿ ಕೇಳಿದ.

"ಆಗಿತ್ತು."

"ಮುರಿದದ್ದು ಯಾಕೆ?"

"ಯಾಕೆ ಅಂದ್ರೆ? ಕಣ್ಣಿಗೆ ಕಾಣಲ್ವಾ?" ಉಲಗಮ್ಮಾಳ್ ಕೋಲಿನ ಕಡೆ ಗದ್ದ ತೋರಿದಳು. "ಮಗನಿಗೆ ಹೆಂಡ್ತಿ ತರ್ಬೇಕೋ, ಹೊತ್ಕೊಂಡು ತಿರುಗೋ ಮೂಟೆ ತರ್ಬೇಕೋ? ನೀರು ತರೋರು ಯಾರು? ಮದುವೆ ಮಾರನೇ ದಿನ ಬಂದ ನೆಂಟರಿಗೆ ನಿಂತು ತೆಂಗಿನಹಾಲಿನ ಸೊದಿ ಸಾರು ಬಡಿಸೋರು ಯಾರು?"

"ನಿಮ್ಮ ಮಗ ಬೇಡ ಅಂದ, ಸರಿ. ಬೇರೆ ಯಾರಾದ್ರೂ ಒಪ್ಪಬಹುದಲ್ಲ?"

"ಯಾರು ಒಪ್ತಾರೆ ವಕೀಲ್ರೇ?" ಮುದುಕಿ ಕೈ ತಿರುವಿದಳು. "ನೀವು ಒಪ್ತೀರಾ?"

ಕೋರ್ಟಿಗೆ ಕೋರ್ಟೇ ಗೊಳ್ಳೆಂದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅಳಗಪ್ಪನ್.

ಇಸಕ್ಕಿ ಉಸಿರು ಬಿಗಿಹಿಡಿದು ನಂಬಿಯನ್ನೇ ನೋಡಿದಳು. ಒಂದು ಸಲ ಈ ಕಡೆ ನೋಡಿದ್ದರೆ ಸಾಕಿತ್ತು! ಬಾಯಿ ಬಿಟ್ಟು ಏನೂ ಹೇಳಬೇಕಾಗಿರಲಿಲ್ಲ.

ಅವನು ಕೈಯಲ್ಲಿದ್ದ ಕಡತ ನೋಡಿದ.

"ಪ್ರಶ್ನೆ ಕೇಳೋನು ನಾನು. ಅಂದ್ರೆ, ಈ ಹುಡುಗೀನ ಇನ್ನು ಯಾರೂ ಮದುವೆ ಆಗಲ್ಲ. ಸರಿನಾ?"

"ಸರಿ."

"ದಯವಿಟ್ಟು ದಾಖಲು ಮಾಡ್ಕೊಳ್ಳಿ ಅಯ್ಯಾ."

ಬೆರಳಚ್ಚಿನವಳು ಟಕಟಕನೆ ಬಡಿದಳು. ಒಂದು ಹೆಣ್ಣಿನ ಬದುಕಿನ ಬಗ್ಗೆ ಸರ್ಕಾರದ ಕಾಗದದಲ್ಲಿ ಒಂದು ಸಾಲು ಬಿತ್ತು. ಇಸಕ್ಕಿಯ ಕಣ್ಣಲ್ಲಿ ನೀರು ಬರಲಿಲ್ಲ. ಮೈಯೆಲ್ಲ ಉರಿಯಿತು.

ಈಗ ಅವಳ ಸರದಿ. ಅಳಗಪ್ಪನ್ ಎದ್ದ. ದನಿಯಲ್ಲಿ ಬೆಣ್ಣೆ.

"ಅಮ್ಮಾ, ನಿಮಗೆ ಕೋಲಿಲ್ಲದೆ ಹೆಜ್ಜೆ ಇಡೋಕೇ ಆಗಲ್ಲ ಅಂತ ಅರ್ಜೀಲಿ ಬರ್ದಿದೆ. ನಿಜವಾ? ಎಲ್ಲಿ, ಒಮ್ಮೆ ನಡೆದು ತೋರಿಸಿ."

ಒಮ್ಮೆ ನಡೆದು ತೋರಿಸಿ!

"ಅಯ್ಯಾ, ಬೇಡ!" ನಂಬಿ ಜಿಗಿದು ನಿಂತ. "ಭಾರ ಬಿಡಬಾರದು ಅಂತ ಡಾಕ್ಟರು ಹೇಳಿದ್ದಾರೆ."

"ಬಲವಂತ ಇಲ್ಲಮ್ಮಾ. ನಿಮ್ಮಿಂದಾದ್ರೆ ಮಾತ್ರ," ಎಂದರು ನ್ಯಾಯಾಧೀಶರು.

ಇಸಕ್ಕಿ ಕಟಕಟೆಯಿಂದ ಇಳಿದಳು. ನೇರ ನಂಬಿಯ ಮುಂದೆ ಹೋಗಿ ಕೋಲನ್ನು ಚಾಚಿದಳು.

"ಇದನ್ನ ಸ್ವಲ್ಪ ಹಿಡ್ಕೊಳ್ಳಿ ಸಾರ್."

"ಇಸಕ್ಕೀ… ಬೇಡ." ಅವನ ದನಿ ಪಿಸುಗುಟ್ಟಿತು. ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ.

ಹಳೆಯ ಸೀರೆಯ ಸೆರಗನ್ನು ಹೆಗಲ ಮೇಲೆ ಸರಿಮಾಡಿ ಇಳಿಬಿಟ್ಟಳು. ಗದ್ದ ಎತ್ತಿದಳು. ನಡೆದಳು.

ಅಂಗಡಿಯ ನಡಿಗೆ ಅದು. ಕುಂಟಿಲ್ಲ, ಅವಸರವಿಲ್ಲ, ಮುಖದಲ್ಲಿ ನಗು. ಸರಕಿನ ದೋಷವನ್ನು ಗಿರಾಕಿಗೆ ತೋರಿಸಬಾರದೆಂದು ಅವಳಿಗೆ ಕಲಿಸಿದ್ದರು, ಅವಳು ಚೆನ್ನಾಗಿಯೇ ಕಲಿತಿದ್ದಳು. ಪ್ರತಿ ಹೆಜ್ಜೆಗೂ ಮೂಳೆಯೊಳಗೆ ಯಾರೋ ಮೊಳೆ ಹೊಡೆದಂತಾಗುತ್ತಿತ್ತು. ಬಾಗಿಲ ತನಕ ಹೋದಳು, ಚೆಲುವಾಗಿ ತಿರುಗಿದಳು, ವಾಪಸು ಬಂದಳು. ಕೋರ್ಟಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ.

"ಸಾಕಾ ಸಾರ್?" ಅಳಗಪ್ಪನ್‌ನನ್ನು ಕೇಳಿದಳು. "ಇನ್ನೊಂದು ಬಣ್ಣ ತೋರಿಸ್ಲಾ?"

ಅವನಿಗೆ ಖುಷಿ ತಡೆಯಲಾಗಲಿಲ್ಲ. "ಬೇಡಮ್ಮಾ, ಧಾರಾಳ ಆಯ್ತು! ಕೋಲಿಲ್ಲದೆ ಸಲೀಸಾಗಿ ನಡೆದರು ಅಂತ ದಾಖಲು ಮಾಡ್ಕೊಳ್ಳಿ ಅಯ್ಯಾ."

*

ವರಾಂಡದ ಮೊದಲ ಕಂಬದ ಹತ್ತಿರ ಕಾಲಿನೊಳಗೆ ಏನೋ ಲಟಕ್ಕೆಂದಿತು. ಇಸಕ್ಕಿ ಕುಸಿದಳು. ನ್ಯಾಯಾಧೀಶರಿಗೆ ಅದು ಕಾಣಲಿಲ್ಲ. ಕಂಡಿದ್ದು ಕೋಲು ಹಿಡಿದು ಓಡಿಬಂದ ನಂಬಿಗೆ ಮಾತ್ರ.

"ಯಾಕೆ ನಡೆದ್ರಿ? ಹುಚ್ಚಾ ನಿಮಗೆ? ಇಷ್ಟು ದಿನ ಕಟ್ಟಿದ್ದನ್ನೆಲ್ಲ ಒಂದೇ ನಿಮಿಷದಲ್ಲಿ ಹಾಳು ಮಾಡ್ಬಿಟ್ರಲ್ಲಾ!"

"ಹಾಳಾದ ಸರಕು ತಾನೇ ಸಾರ್." ಅವಳ ತುಟಿ ಬಿಳಿಚಿತ್ತು. "ನೀವೇ ಬರೆಸಿದ್ರಲ್ಲಾ."

"ಅದು ಕೇಸಿಗೋಸ್ಕರ! ಮದುವೆ ಅವಕಾಶದ ನಷ್ಟ ಅಂತ ಕಾನೂನಲ್ಲಿ ಒಂದು ಬಾಬ್ತು ಇದೆ. ಅದಕ್ಕೂ ಪರಿಹಾರ ಕೊಡ್ತಾರೆ. ಅದಿಲ್ದೆ ನಿಮ್ಮ ಕಾಲಿಗೆ…"

"ಆ ಮುದುಕಿ ಕೇಳಿದ್ಳು, ನೀವು ಒಪ್ತೀರಾ ಅಂತ."

ಅವನು ಕೋಲನ್ನು ಅವಳ ಕಡೆ ಚಾಚಿದ.

"ನೀವು ಕಡತ ನೋಡಿದ್ರಿ."

"ಇಸಕ್ಕೀ…"

"ಹೋಗಿ ಸಾರ್. ಹೆಸರು ಬೇರೆ ನಂಬಿ! ಮುಟ್ಟಬೇಡಿ ನನ್ನ. ಅಮ್ಮ ಎತ್ತುತ್ತಾಳೆ."

ತಾಯಮ್ಮಾಳ್ ಎತ್ತಿದಳು. ಎತ್ತುತ್ತಲೇ ಬೈದಳು. ಗಂಡಸರ ಮುಂದೆ ಒಯ್ಯಾರ ಮಾಡಲು ಕೋರ್ಟೇ ಬೇಕಿತ್ತಾ, ಅಪ್ಪನಿಲ್ಲದ ಮನೆಯ ಹೊಟ್ಟೆಗೆ ಇನ್ನು ಮಣ್ಣೇ ಗತಿ ಎಂದು ಆಟೋದಲ್ಲಿ ಆಸ್ಪತ್ರೆಯ ತನಕ ಬೈದಳು. ಬೈಯುತ್ತಾ ಮಗಳ ಕಾಲನ್ನು ತನ್ನ ತೊಡೆಯ ಮೇಲೆ ಅಲುಗದಂತೆ ಹಿಡಿದುಕೊಂಡಿದ್ದಳು.

ಒಳಗಿನ ಪಟ್ಟಿ ಮುರಿದಿತ್ತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರಿಟ್ಟರು.

"ಬೇಗ ಮಾಡಿಸ್ಲಿಲ್ಲ ಅಂದ್ರೆ ಕಾಲು ಉಳಿಯೋದೇ ಅನುಮಾನ. ಉಳಿದ್ರೂ ಗಿಡ್ಡ ಆಗುತ್ತೆ. ಏನಮ್ಮಾ, ಯಾರ ಮೇಲಿನ ಸಿಟ್ಟನ್ನ ಈ ಕಾಲಿನ ಮೇಲೆ ತೀರಿಸ್ಕೊಂಡೆ?"

ಇಸಕ್ಕಿ ಗೋಡೆ ಕಡೆ ತಿರುಗಿ ಮಲಗಿದಳು. ಈಗ ಅಳು ಬಂತು. ಕಾಲಿಗಾಗಿ ಅತ್ತಳು, ಕಳೆದುಹೋದ ಪರಿಹಾರಕ್ಕಾಗಿ ಅತ್ತಳು. ಎಲ್ಲಕ್ಕಿಂತ ಹೆಚ್ಚಾಗಿ, ಅವನು ಕಡತ ನೋಡಿದ ಆ ಒಂದು ಕ್ಷಣಕ್ಕಾಗಿ ಅತ್ತಳು.

*

ಮುಂದಿನ ವಾಯಿದೆಗೆ ತಾಯಮ್ಮಾಳ್ ಒಬ್ಬಳೇ ಹೋದಳು. ಬರುವಾಗ ಬಾಗಿಲಿಂದಲೇ ಕೂಗುತ್ತಾ ಬಂದಳು.

"ಲೇ ಇಸಕ್ಕೀ! ನಿನ್ನ ವಕೀಲನಿಗೆ ತಲೆ ಪೂರ್ತಿ ಕೆಟ್ಟಿದೆ!"

"ಏನಾಯ್ತಮ್ಮಾ?"

"ಶುರು ಚೆನ್ನಾಗೇ ಮಾಡ್ದ. ಟೀ ಅಂಗಡಿ ಕ್ಯಾಮೆರಾದಲ್ಲಿ ನೀನು ಬಿಳಿ ಪಟ್ಟೆ ಮೇಲೆ ಹೋಗ್ತಿದ್ದದ್ದು, ಆ ಕಾರಿನೋನು ಫೋನ್ ಹಿಡ್ಕೊಂಡು ಬಂದು ಗುದ್ದಿದ್ದು ಎಲ್ಲಾ ತೋರಿಸ್ದ. ಡಾಕ್ಟರನ್ನೂ ಕರೆಸಿ ಪಟ್ಟಿ ಮುರಿದಿದ್ದನ್ನ ಹೇಳಿಸ್ದ. ಆಮೇಲೆ ಎದ್ದು ನಿಂತು, ಆ ಮದುವೆ ನಷ್ಟದ ದುಡ್ಡು ನಮಗೆ ಬೇಡ ಅಂದ! ಬೇಡವಂತೆ! ಅವನಪ್ಪನ ಮನೆ ದುಡ್ಡಾ ಅದು?"

ಇಸಕ್ಕಿ ಎದ್ದು ಕೂತಳು. "ಯಾಕೆ ಅಂತ ಕೇಳ್ಲಿಲ್ವಾ ಜಡ್ಜು?"

"ಕೇಳಿದ್ರು. ಅದಕ್ಕೆ ಇವನು ಏನಂದ ಗೊತ್ತಾ? 'ಅದು ಸುಳ್ಳು ಅಯ್ಯಾ. ಆಕೇನ ಮದುವೆ ಆಗೋಕೆ ಒಬ್ಬ ಕಾಯ್ತಿದ್ದಾನೆ. ಗೊತ್ತಿದ್ದೂ ನಾನು ಇಲ್ಲ ಅಂತ ವಾದ ಮಾಡಲಾರೆ' ಅಂದ. ಆ ಅಳಗಪ್ಪನ್ ಹೊಟ್ಟೆ ಹಿಡ್ಕೊಂಡು ನಕ್ಕ. 'ಯಾರಪ್ಪಾ ಆ ಧರ್ಮಪ್ರಭು' ಅಂತ." ತಾಯಮ್ಮಾಳ್ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ನಾನೂ ಅದನ್ನೇ ಕೇಳ್ತೀನಿ. ಯಾರೇ ಅದು? ನನ್ನ ಕಣ್ಣು ತಪ್ಪಿಸಿ ಯಾರನ್ನ ಇಟ್ಕೊಂಡಿದ್ದೀಯ?"

ಇಸಕ್ಕಿಗೆ ಮೊದಲು ಸಂತೋಷ ಉಕ್ಕಿತು. ಅದು ಪೂರ್ತಿ ಉಕ್ಕುವ ಮೊದಲೇ ಅದರ ಹಿಂದೆ ಸಿಟ್ಟು ಬಂತು.

"ಫೋನ್ ಕೊಡಮ್ಮಾ."

ಅವನು ಆವತ್ತೇ ಬಂದ. ಹೊಸ್ತಿಲ ಹೊರಗೇ ನಿಂತ. ಮುಖ ಬಾಡಿತ್ತು. ತಾಯಮ್ಮಾಳ್ ಅವನನ್ನು ನೋಡಿದಳು, ಮಗಳನ್ನು ನೋಡಿದಳು, ಎಲ್ಲವೂ ಅರ್ಥವಾಗಿ ಬಾಯಿ ಮೇಲೆ ಕೈ ಇಟ್ಟುಕೊಂಡು ಒಳಗೆ ಹೋದಳು.

"ಆ ಒಬ್ಬ ಯಾರು ಸಾರ್?"

"ನಾನೇ."

"ಯಾವಾಗಿಂದ?"

"ನೀವು ನನ್ನನ್ನ ವಾರ್ಡಿಂದ ಹೊರಗೆ ಕಳಿಸಿದ ದಿನದಿಂದ." ಅವನು ತಲೆ ಎತ್ತಲಿಲ್ಲ. "ಆವತ್ತು ಚಹಾ ಕುಡಿದ್ವಲ್ಲಾ, ಮಾರನೇ ದಿನ ಅಳಗಪ್ಪನ್ ನನ್ನ ತಡೆದು ನಿಲ್ಲಿಸ್ದ. 'ಆ ಹುಡುಗಿಗೆ ಮದುವೆಯೇ ಆಗಲ್ಲ ಅಂತ ಅರ್ಜಿ ಬರೀತೀಯ, ನೀನೇ ಅಳಿಯನ ಥರ ಓಡಾಡ್ತೀಯ. ಕೋರ್ಟಲ್ಲಿ ಎಳೀತೀನಿ ನೋಡ್ತಿರು' ಅಂದ. ಹೆದರಿಬಿಟ್ಟೆ. ನನ್ನಿಂದಾಗಿ ನಿಮ್ಮ ಪರಿಹಾರ ಹೋಗುತ್ತೆ, ಕಾಲು ಹೋಗುತ್ತೆ ಅಂತ. ತೀರ್ಪು ಬರೋ ತನಕ ಸುಮ್ನಿರೋಣ ಅಂದ್ಕೊಂಡೆ."

"ನನಗೆ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ನೀವೂ ಕಟಕಟೇಲಿ ಸುಳ್ಳು ಹೇಳಬೇಕಾಗ್ತಿತ್ತು."

"ಹಾಗಂತ ಯಾರೂ ಮದುವೆ ಆಗಲ್ಲ ಅಂತ ಎಲ್ಲರೆದುರು ಬರೆಸಿಬಿಟ್ರಿ. ಈಗ ಎಲ್ಲರೆದುರು ಒಬ್ಬ ಆಗ್ತಾನೆ ಅಂದ್ರಿ." ಇಸಕ್ಕಿಯ ದನಿ ಒಡೆಯಿತು. "ಎರಡು ಸಲದಲ್ಲಿ ಒಂದು ಸಲನಾದ್ರೂ ನನ್ನ ಕೇಳಿದ್ರಾ? ಆ ದುಡ್ಡು ನನ್ನ ಕಾಲಿಂದು ನಂಬೀ! ಬೇಡ ಅನ್ನೋಕೆ ನೀವ್ಯಾರು?"

ಅವನ ಕಣ್ಣು ತುಂಬಿತ್ತು.

"ತಪ್ಪಾಯ್ತು. ಆ ಸುಳ್ಳನ್ನ ಇನ್ನೊಂದು ಸಲ ಬಾಯಲ್ಲಿ ಹೇಳೋಕೆ ಆಗ್ಲಿಲ್ಲ. ಅದೊಂದೇ ಯೋಚನೆ ಮಾಡ್ದೆ. ಬೇರೆ ವಕೀಲರನ್ನ ಹಿಡಿದು ಅದನ್ನ ಮತ್ತೆ ಕೇಳಿಸ್ಲಾ? ನೀವು ಹೂಂ ಅಂದ್ರೆ ನಾಳೆಯೇ ಮಾಡ್ತೀನಿ."

ಇಸಕ್ಕಿ ಬಹಳ ಹೊತ್ತು ಯೋಚಿಸಿದಳು. ಆ ಸಾಲು ಮತ್ತೆ ಕಾಗದಕ್ಕೆ ಬರಬೇಕು… ಯಾರೂ ಆಗಲ್ಲ, ಸರಿ, ದಾಖಲು ಮಾಡ್ಕೊಳ್ಳಿ ಅಯ್ಯಾ…

"ಬೇಡ," ಅಂದಳು. "ಆದ್ರೆ ಇದು ನೀವು ಹೇಳಿದ್ದಕ್ಕಲ್ಲ. ನಾನು ಹೇಳ್ತಿದ್ದೀನಿ, ಬೇಡ."

"ಸರಿ."

"ತೀರ್ಪು ಬರ್ಲಿ. ಕಾಲು ಉಳಿಯುತ್ತೋ ಹೋಗುತ್ತೋ ಗೊತ್ತಾಗ್ಲಿ. ಅಲ್ಲಿ ತನಕ ಈ ಬಾಗಿಲಿಗೆ ಬರಬೇಡಿ."

"ಕಾಲು ಹೋದ್ರೂ ನಾನು…"

"ಹೇಳಬೇಡಿ! ಅದನ್ನ ಹೇಳಿದ್ರೆ ನಾನು ಕರಗಿಬಿಡ್ತೀನಿ. ಹೋಗಿ."

ಅವನು ಹೋದ. ಓಣಿಯ ತಿರುವಿನ ತನಕ ಅವಳು ಕಿಟಕಿಯಿಂದ ನೋಡುತ್ತಲೇ ಇದ್ದಳು.

*

ತೀರ್ಪು ಬಂತು. ತಪ್ಪೆಲ್ಲ ಕಾರಿನವನದು, ಬಿಳಿ ಪಟ್ಟೆಯ ಮೇಲೆ ನಡೆಯುತ್ತಿದ್ದವಳದು ಎಳ್ಳಷ್ಟೂ ಇಲ್ಲ ಎಂದು ನ್ಯಾಯಾಧೀಶರು ಬರೆದರು. ಆ ಸಾಲನ್ನು ಇಸಕ್ಕಿ ತಾಯಿಗೆ ಮತ್ತೆ ಮತ್ತೆ ಓದಿ ಹೇಳಿದಳು. ಚಿಕಿತ್ಸೆಯ ಖರ್ಚು ಪೂರ್ತಿ ಸಿಕ್ಕಿತು. ಆದರೆ ಕೋಲಿಲ್ಲದೆ ಸಲೀಸಾಗಿ ನಡೆದಳು ಎಂಬ ಮಾತು ಅದರೊಳಗೇ ಕೂತು, ದುಡಿಮೆಯ ನಷ್ಟದ ಪಾಲನ್ನು ಅರ್ಧಕ್ಕರ್ಧ ತಿಂದುಹಾಕಿತು. ಮದುವೆಯ ಬಾಬ್ತಿನಲ್ಲಿ ಏನೂ ಇರಲಿಲ್ಲ.

ಅಂಗಡಿಯವರೂ ಹೇಳಿ ಕಳಿಸಿದರು. ನಿಲ್ಲಲಾಗದವರಿಗೆ ರೇಷ್ಮೆ ವಿಭಾಗದಲ್ಲಿ ಜಾಗವಿಲ್ಲವಂತೆ. ಎಷ್ಟೋ ವರ್ಷ ನಿಂತೇ ದುಡಿದವಳಿಗೆ ಅವರು ಕೊಟ್ಟ ಬೀಳ್ಕೊಡುಗೆ ಅಷ್ಟೇ.

ಮಧುರೈನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಕಾಲು ಉಳಿಯಿತು. ಇನ್ನೊಂದಕ್ಕಿಂತ ಗಿಡ್ಡವಾಗಿ ಉಳಿಯಿತು. ಕನ್ನಡಿಗಳ ನಡುವಿನ ಆ ನಡಿಗೆ ಇನ್ನು ಯಾವತ್ತೂ ಬರುವುದಿಲ್ಲ ಎಂದು ಡಾಕ್ಟರು ಸುತ್ತಿಬಳಸದೆ ಹೇಳಿದರು.

ಆ ಮಾತು ಕೇಳಿದ ದಿನವೇ ಇಸಕ್ಕಿ ಒಂದು ಫೋನ್ ಮಾಡಿಸಿದಳು. "ಕಾಲು ಉಳಿದಿದೆ ಅಂತ ಹೇಳಮ್ಮಾ. ಬೇರೇನೂ ಹೇಳಬೇಡ."

ಸಂಜೆ ವಾರ್ಡಿನ ಬಾಗಿಲಲ್ಲಿ ಯಾರೋ ನಿಂತರು. ಕರಿ ಕೋಟು ಇರಲಿಲ್ಲ. ಒಳಗೆ ಕಾಲಿಡದೆ ಬಾಗಿಲನ್ನು ಮೆಲ್ಲಗೆ ತಟ್ಟಿದರು.

"ಒಳಗೆ ಬರಬಹುದಾ?"

ಇಸಕ್ಕಿ ಅತ್ತ ತಿರುಗಲಿಲ್ಲ. "ಹೆಸರು?"

"ನಂಬಿರಾಜನ್."

"ಏನು ಬೇಕಾಗಿತ್ತು?"

"ಅವತ್ತೇ ಕೇಳಬೇಕಾಗಿದ್ದನ್ನ ಕೇಳೋಕೆ ಬಂದೆ. ಇಸಕ್ಕೀ, ನನ್ನ ಮದುವೆ ಆಗ್ತೀರಾ? ಬೇಡ ಅಂದ್ರೂ… ಈ ಸಲ ಉತ್ತರ ನಿಮ್ಮದೇ."

ವಾರ್ಡಿನ ಹೆಂಗಸರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ತಾಯಮ್ಮಾಳ್ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹೆಣ್ಣು ನೋಡೋಕೆ ಬಂದೋರು ಹೆಣ್ಣನ್ನ ನಡೆಸಿ ನೋಡ್ತಾರೆ," ಇಸಕ್ಕಿ ನಿಧಾನವಾಗಿ ಹೇಳಿದಳು. "ಉಲಗಮ್ಮಾಳ್ ನೋಡಿದ್ಳು. ಅಂಗಡೀಲಿ ನೋಡಿದ್ರು. ಕೋರ್ಟಲ್ಲೂ ನೋಡಿದ್ರು. ಇವತ್ತು ನೋಡೋ ಸರದಿ ನನ್ನದು. ಅಮ್ಮಾ, ಆ ಟವೆಲ್ ಅವರ ಹೆಗಲಿಗೆ ಹಾಕು."

ತಾಯಮ್ಮಾಳ್ ಹಾಕಿದಳು.

"ಈಗ ಆ ಬಾಗಿಲ ತನಕ ಒಮ್ಮೆ ನಡೆದು ತೋರಿಸಿ."

ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ಗಂಡಸು ಕಿವಿಯವರೆಗೂ ಕೆಂಪಾದ. ಆದರೂ ನಡೆದ. ಟವೆಲ್ ಜಾರಿತು, ಎತ್ತಿ ಹಾಕಿಕೊಂಡ.

"ಬೆನ್ನು ಸ್ವಲ್ಪ ಗೂನು ಕಣಮ್ಮಾ!" ಮೂಲೆಯ ಮಂಚದ ಅಜ್ಜಿ ತೀರ್ಪು ಕೊಟ್ಟಳು. ಎಲ್ಲರೂ ನಕ್ಕರು.

ಇಸಕ್ಕಿ ಮಾತ್ರ ನಗಲಿಲ್ಲ. ಅವಳ ಕಣ್ಣು ಅವನ ಹೆಜ್ಜೆಯ ಮೇಲಿತ್ತು. ಉದ್ದ ಕಾಲಿನ ಆಳು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದ. ಒಂದು ಹೆಜ್ಜೆ ಇಟ್ಟು, ಯಾರಿಗೋ ಕಾಯುವವನಂತೆ ತುಸು ತಡೆದು, ಮುಂದಿನದು ಇಡುತ್ತಿದ್ದ.

"ಯಾಕೆ ಇಷ್ಟು ನಿಧಾನ?"

ಅವನು ನಿಂತು ತನ್ನ ಕಾಲನ್ನೇ ನೋಡಿಕೊಂಡ. ಅದು ಅವನಿಗೂ ಆಗಲೇ ಗೊತ್ತಾದದ್ದು.

"ನಿಮ್ಮ ಜೊತೆ ನಡೆದು ನಡೆದು… ಹಾಗೇ ರೂಢಿ ಆಗಿದೆ. ಒಬ್ಬನೇ ಇದ್ರೂ ಹೀಗೇ ನಡೀತೀನಿ ಅನ್ಸುತ್ತೆ."

ಇಸಕ್ಕಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಂಬಿ ಮಂಚದ ಬಳಿ ಬಂದು ನಿಂತ. ಮುಟ್ಟಲಿಲ್ಲ. ಕೈ ಚಾಚಿ, ಚಾಚಿದಲ್ಲಿಯೇ ಇಟ್ಟುಕೊಂಡ.

ಅವಳೇ ಆ ಕೈ ಹಿಡಿದಳು.

"ಈ ಸರಕಲ್ಲಿ ದೋಷ ಇದೆ," ಅಂದಳು ಅಳುತ್ತಲೇ. "ಮರೆವು. ಹೆದರಿಕೆ. ಅಜ್ಜಿ ಹೇಳಿದ ಹಾಗೆ ಗೂನು ಬೇರೆ."

"ಹಾಗಾದ್ರೆ… ಬೇಡ್ವಾ?"

"ಮಡಚಿ ಇಡಬೇಡಿ. ನಾನೇ ತಗೋತೀನಿ."

ಅವನು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟ. ಅವಳ ಕೈಯನ್ನು ತನ್ನ ಒದ್ದೆ ಕೆನ್ನೆಗೆ ಒತ್ತಿಕೊಂಡ. ಸ್ವಲ್ಪ ಹೊತ್ತಿನ ಮೇಲೆ ತಲೆ ಎತ್ತಿದ.

"ಮುಹೂರ್ತದ ಸೀರೆ ಯಾವ ಬಣ್ಣದ್ದು ತರ್ಲಿ?"

ಇಸಕ್ಕಿ ಹುಬ್ಬು ಗಂಟಿಕ್ಕಿದಳು. "ಆವತ್ತು ಬೆಂಚಿನ ಮೇಲೆ ಹೇಳಿದ್ನಲ್ಲಾ! ಅದನ್ನೂ ಮರೆತ್ರಾ?"

"ಮರೆತಿಲ್ಲ."

"ಮತ್ತೆ?"

"ಈ ಸಲ ಕೇಳ್ತಾ ಇದ್ದೀನಿ."